ಸುಣ್ಣ ಮೊದಲೋ, ಪಹಣಿ ಮೊದಲೋ?

ಕುಮಟಾದಿಂದ ಹೊನ್ನಾವರ ದಾಟಿ ಭಟ್ಕಳದವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಎರಡೂ ಬದಿಯಲ್ಲಿ ಈಗ ಜಾಗ, ಮನೆ, ದರದ್ದೇ ಮಾತು. ಮಕ್ಕಳು ಬೆಂಗಳೂರು, ಮುಂಬೈ ಸೇರಿದ ಮೇಲೆ ಬೀಗ ಬಿದ್ದ ಹಂಚಿನ ಮನೆಗಳು, ದುಬೈ, ಸೌದಿಯಲ್ಲಿ ನೆಲೆನಿಂತ ನವಾಯತ ಮುಸ್ಲಿಂ ಕುಟುಂಬಗಳ ಭಟ್ಕಳದ ದೊಡ್ಡ ಮನೆಗಳು, ಹೆದ್ದಾರಿ ಅಗಲೀಕರಣದಲ್ಲಿ ಅಂಗಳ ಕಳೆದುಕೊಂಡು ಜಗಲಿಯವರೆಗೆ ರಸ್ತೆ ಬಂದ ಮನೆಗಳು ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ. ಬ್ರೋಕರಿಕೆಯನ್ನೇ ಕಸುಬು ಮಾಡಿಕೊಳ್ಳೋಣವೆಂದು ಹೊರಟ ಹುಡುಗರ ಸಂಖ್ಯೆಯೂ ಕಮ್ಮಿಯಿಲ್ಲ. ಹಾಗಾಗಿ ಎರಡು ಪ್ರಶ್ನೆಗಳು ಜೊತೆಯಾಗಿಯೇ ಏಳುತ್ತವೆ. ಹಳೆಯ ಮನೆಯನ್ನು ದುರಸ್ತಿ ಮಾಡಿ, ಬಣ್ಣ ಹೊಡೆದು ಮಾರಬೇಕೋ, ಇದ್ದ ಹಾಗೆಯೇ ಮಾರಬೇಕೋ? ಊರಲ್ಲೇ ಉಳಿಯಬೇಕೆನ್ನುವ ಹುಡುಗ ಹುಡುಗಿಯರಿಗೆ ಈ ಕೆಲಸ ಅನ್ನ ಕೊಟ್ಟೀತೋ, ಇಲ್ಲವೋ? ಎರಡಕ್ಕೂ ಗಟ್ಟಿಯಾದ ಪರ ವಾದವಿದೆ, ಅಷ್ಟೇ ಗಟ್ಟಿಯಾದ ವಿರೋಧವೂ ಇದೆ.

ಮೊದಲು ದುರಸ್ತಿಯ ಪರ. "ಭಟ್ರೇ, ಪಾರ್ಟಿ ಬರೋದ್ರೊಳಗೆ ಒಂದು ಕೋಟ್ ಪೇಂಟ್ ಹೊಡೆಸಿಬಿಡಿ" ಎಂದು ಬ್ರೋಕರ್ ಹೇಳಿದರೆ ಅದು ಬರೀ ತೋರಿಕೆಯ ಮಾತೆಂದು ತಳ್ಳಿಹಾಕುವಂತಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಮುಚ್ಚಿಟ್ಟ ಮನೆ ಬಹಳ ಬೇಗ ಹಾಳಾಗುತ್ತದೆ. ಮಂಗ ಹಾರಿಯೋ ತೆಂಗಿನ ಮಡಲು ಬಿದ್ದೋ ಒಂದು ಹಂಚು ಒಡೆದರೆ ಸಾಕು; ನೀರು ರೀಪಿಗೆ ಇಳಿಯುತ್ತದೆ, ರೀಪಿನಿಂದ ಪಕಾಸಿಗೆ, ಅಲ್ಲಿಂದ ಗೋಡೆಗೆ. ಮುಂದಿನ ಮಳೆಗಾಲದ ಹೊತ್ತಿಗೆ ಒರಲೆ ಹಿಡಿದಿರುತ್ತದೆ. ಕೆಲವು ಸಾವಿರದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಇಡೀ ಮಾಡನ್ನೇ ಬಿಚ್ಚಬೇಕಾಗುತ್ತದೆ. ಕೊಳ್ಳುವವರು ಒಳಗೆ ಬಂದು ತಲೆ ಎತ್ತಿ ನೋಡಿದಾಗ ಅವರಿಗೆ ಕಾಣುವುದು ಒಂದು ಕಪ್ಪು ಕಲೆ. ಮನಸ್ಸಿನಲ್ಲಿ ಅವರು ಕಳೆಯುವುದು ಒಂದು ಮಾಡಿನ ಖರ್ಚು. ಆ ಕಲೆಯನ್ನು ಮೊದಲೇ ಸರಿಪಡಿಸಿದ ಮಾಲೀಕರು ತಾವು ಹಾಕಿದ ದುಡ್ಡಿಗಿಂತ ಹೆಚ್ಚನ್ನೇ ಉಳಿಸಿಕೊಳ್ಳುತ್ತಾರೆ.

ಇದಕ್ಕೆ ನಮ್ಮ ಕಡೆಯ ಇನ್ನೊಂದು ಕಾರಣವೂ ಸೇರುತ್ತದೆ. ಹಿಂದೂ ಕುಟುಂಬಗಳಲ್ಲಿ ಬಹಳಷ್ಟು ಮಂದಿ ಆಷಾಢದಲ್ಲಿ ಮನೆ ವ್ಯವಹಾರಕ್ಕೆ ಕೈ ಹಾಕುವುದಿಲ್ಲ. ಮಳೆ ಮುಗಿದು ಗದ್ದೆ ಕೊಯ್ಲಾದ ಮೇಲೆಯೇ ಅವರ ಓಡಾಟ ಶುರು. ಕೊಲ್ಲಿಯಲ್ಲಿರುವವರಿಗೆ ಅಲ್ಲಿನ ಶಾಲೆಗಳಿಗೆ ರಜೆ ಸಿಗುವುದೇ ಜುಲೈ, ಆಗಸ್ಟಿನಲ್ಲಿ. ಅಂದರೆ ಭಟ್ಕಳದ ಮನೆಗೆ ದುಡ್ಡಿರುವ ಗಿರಾಕಿ ಬರುವುದು ಸೋನೆ ಹಿಡಿದು ಸುರಿಯುವ ದಿನಗಳಲ್ಲಿ. ಕುಮಟಾದ ಮನೆಯನ್ನು ಡಿಸೆಂಬರಿನ ಬಿಸಿಲಲ್ಲಿ ತೋರಿಸಬಹುದು, ಭಟ್ಕಳದ್ದನ್ನು ಮಳೆಯಲ್ಲೇ ತೋರಿಸಬೇಕು. ಮಳೆಯಲ್ಲಿ ನಿಂತು ತೋರಿಸಬೇಕಾದ ಮನೆಗೆ ಮೇ ತಿಂಗಳೊಳಗೆ ಹಂಚು ತೆಗೆದು ಮತ್ತೆ ಹೊದಿಸಿ, ದೋಣಿ ಕೊಳವೆ ಸರಿಪಡಿಸಿ, ಬಾವಿ ಕಟ್ಟೆಯ ಪಾಚಿ ತಿಕ್ಕಿಸಿಡುವುದು ಜಾಣತನ.

ಇದ್ದ ಹಾಗೆಯೇ ಮಾರಿ ಅನ್ನುವವರ ವಾದವೂ ಕಡಿಮೆ ತೂಕದ್ದಲ್ಲ. ಪಟ್ಟಣದೊಳಗಿನ ಬಹುಪಾಲು ವ್ಯವಹಾರದಲ್ಲಿ ದರ ಕಟ್ಟುವುದು ಜಾಗಕ್ಕೆ. ಮನೆಯನ್ನು ಕೆಡವಿ ಆರ್‌ಸಿಸಿ ಕಟ್ಟುವ ಯೋಚನೆಯಲ್ಲೇ ಕೊಳ್ಳುವವರು ಬಂದಿರುತ್ತಾರೆ. ನಾಳೆ ಜೆಸಿಬಿ ಬರುವ ಮನೆಗೆ ಇವತ್ತು ಪೇಂಟ್ ಹೊಡೆಸಿದರೆ ಆ ದುಡ್ಡು ಮಣ್ಣುಪಾಲು. ಕೆಡವದೆ ಇಟ್ಟುಕೊಳ್ಳುವವರಿಗೂ ಅವರದ್ದೇ ಆದ ರುಚಿಯಿರುತ್ತದೆ. ಗೋಕರ್ಣದ ಸುತ್ತ ಹೋಂಸ್ಟೇಗೆಂದು ಹಳೆಯ ಮನೆ ಹುಡುಕಿಕೊಂಡು ಬರುವವರು ಕೆಂಪು ಗಾರೆ ನೆಲ, ಹಲಸಿನ ಮರದ ಕಂಬ, ಕೆತ್ತನೆಯ ಬಾಗಿಲನ್ನೇ ಬಯಸುತ್ತಾರೆ. ಮಾರುವವರು ಆತುರದಲ್ಲಿ ಆ ನೆಲದ ಮೇಲೆ ಟೈಲ್ಸ್ ಹಾಕಿಸಿದ್ದರೆ ಇದ್ದ ಬೆಲೆಯನ್ನು ತಾವೇ ಇಳಿಸಿಕೊಂಡ ಹಾಗೆ. ತೆರಿಗೆಯ ಲೆಕ್ಕವೂ ಈ ಬದಿಗೇ ವಾಲುತ್ತದೆ: ಮನೆ ಮಾರಿದ ಲಾಭದ ಮೇಲೆ ಆದಾಯ ತೆರಿಗೆ ಲೆಕ್ಕ ಹಾಕುವಾಗ ಹೊಸ ಕೋಣೆ ಕಟ್ಟಿಸಿದಂಥ ಶಾಶ್ವತ ಸುಧಾರಣೆಯ ಖರ್ಚನ್ನೂ ಕೊಟ್ಟ ಕಮಿಷನ್ನನ್ನೂ ಕಳೆಯಬಹುದು, ಸಾಮಾನ್ಯ ಪೇಂಟ್, ರಿಪೇರಿಯನ್ನು ಕಳೆಯಲು ಬರುವುದಿಲ್ಲ.

ಇನ್ನೊಂದು ತಕರಾರು ಪ್ರಾಮಾಣಿಕತೆಗೆ ಸಂಬಂಧಿಸಿದ್ದು. ನಮ್ಮ ಹಳೆಯ ಮನೆಗಳ ಗೋಡೆ ಚಿರೇಕಲ್ಲಿನದು, ಮೇಲಿನ ಗಿಲಾವು ಸುಣ್ಣದ್ದು. ಈ ಕಲ್ಲು ನೀರು ಹೀರುತ್ತದೆ, ಬಿಸಿಲು ಬಂದಾಗ ಸುಣ್ಣದ ಮೂಲಕ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಏಪ್ರಿಲಿನಲ್ಲಿ ಹಾಲಿನಂತೆ ಹೊಳೆದ ಗೋಡೆ ಆಗಸ್ಟಿನ ಹೊತ್ತಿಗೆ ಗುಳ್ಳೆಯೆದ್ದು, ಬೆರಳಿಟ್ಟರೆ ಹಪ್ಪಳದ ಹಾಗೆ ಉದುರುತ್ತದೆ. ಬೇಸಿಗೆಯಲ್ಲಿ ಕೊಂಡವರಿಗೆ ಇದು ಮೋಸವೆನಿಸದೆ ಇನ್ನೇನು? ಬಾವಿಯದ್ದೂ ಇದೇ ಕಥೆ. ಶರಾವತಿ, ಅಘನಾಶಿನಿಯ ಅಳಿವೆಯ ಹತ್ತಿರದ ಎಷ್ಟೋ ಬಾವಿಗಳ ನೀರು ನವೆಂಬರಿನಲ್ಲಿ ಸಿಹಿ, ಮೇ ತಿಂಗಳಲ್ಲಿ ಉಪ್ಪು. ಬಾವಿಯನ್ನು ತೊಳೆಸಿ, ಕಟ್ಟೆಗೆ ಬಣ್ಣ ಬಳಿದು ನವೆಂಬರಿನಲ್ಲಿ ತೋರಿಸಿದರೆ ಮನೆ ಚೆನ್ನಾಗಿಯೇ ಕಂಡೀತು. ಆದರೆ ಹಾಗೆ ಮಾರಿದವರನ್ನೂ ಮಾರಿಸಿಕೊಟ್ಟವರನ್ನೂ ಊರು ಮೇ ತಿಂಗಳಲ್ಲಿ ನೆನೆಯುತ್ತದೆ.

ಹಾಗಂತ ಕೆಡವುವವರಿಗೇ ಮಾರುವುದು ಎಂಬ ಮಾತು ಎಲ್ಲ ಕಡೆಯೂ ನಿಲ್ಲುವುದಿಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮ ಸಮುದ್ರದ ಭರತದ ಗೆರೆಯಿಂದ 500 ಮೀಟರ್ ಒಳಗಿನ ನೆಲಕ್ಕೆ ಅನ್ವಯಿಸುತ್ತದೆ. ಉಬ್ಬರದ ನೀರು ಏರುವ ಹೊಳೆ ದಂಡೆಗಳಿಗೂ ಅನ್ವಯಿಸುತ್ತದೆ. ಕಟ್ಟಡ ನಿಷೇಧದ ಪಟ್ಟಿಯೊಳಗೆ ಹೊಸ ಮನೆಗೆ ಅನುಮತಿ ಸಿಗುವುದು ಬಲು ಕಷ್ಟ, ಅಧಿಕೃತವಾಗಿ ಮೊದಲೇ ಇದ್ದ ಮನೆಯನ್ನು ಅದೇ ಅಳತೆಯ ತಳಪಾಯದಲ್ಲಿ ದುರಸ್ತಿ ಮಾಡಲು ಅವಕಾಶವಿದೆ. ಕಾಸರಕೋಡಿನ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದ ಮೇಲೆ ಹೊನ್ನಾವರದ ಕಡಲಬದಿಗೆ ಹೊರಗಿನವರ ಕಣ್ಣು ಬಿದ್ದಿದೆ. ಅಂಥ ಕಡೆ ಹಳೆಯ ಮನೆಯೇ ಆಸ್ತಿ, ಅದು ಬಿದ್ದುಹೋದರೆ ಉಳಿಯುವುದು ಕಟ್ಟಲಾಗದ ನೆಲ. ಇಲ್ಲಿ ದುರಸ್ತಿಯ ಪಕ್ಷವೇ ಗೆಲ್ಲುತ್ತದೆ. ಗುಡ್ಡದ ಬುಡದ ಮನೆಗಳ ಲೆಕ್ಕ ಬೇರೆ. 2022ರ ಆಗಸ್ಟಿನ ಆರಂಭದ ಮಹಾಮಳೆಗೆ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಂತು. ಈಗ ಕೊಳ್ಳುವವರು ಗೋಡೆಯ ಬಣ್ಣಕ್ಕಿಂತ ಮೊದಲು ಹಿತ್ತಿಲಿನ ಧರೆಯನ್ನು ನೋಡುತ್ತಾರೆ. ನೋಡಬೇಕಾದ್ದೂ ಅದನ್ನೇ.

ಎರಡೂ ಪಕ್ಷದವರು ಮನೆಯ ಸುತ್ತಲೇ ವಾದಿಸುತ್ತಾರೆ. ಆದರೆ ವ್ಯವಹಾರ ಮುರಿದುಬೀಳುವುದು ಹೆಚ್ಚಾಗಿ ಕಾಗದದಲ್ಲಿ. ಒಂದು ಪಹಣಿಯನ್ನು ಕೈಗೆತ್ತಿಕೊಂಡು ನೋಡಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು: ತೀರಿಹೋದ ಅಜ್ಜನದ್ದು ಇನ್ನೂ ಹಾಗೆಯೇ ಇದೆ, ಕೆಳಗೆ ಮೂವರು ಮಕ್ಕಳದ್ದು ಜಂಟಿಯಾಗಿ ಇದೆ, ಹೆಣ್ಣುಮಕ್ಕಳದ್ದು ಇಲ್ಲವೇ ಇಲ್ಲ. 11ನೇ ಕಾಲಂನಲ್ಲಿ ಸೊಸೈಟಿ ಸಾಲ: ತೀರಿಸಿ ವರ್ಷಗಳಾದರೂ ಬೋಜಾ ಇಳಿಸಿಲ್ಲ. ವಿಸ್ತೀರ್ಣದಲ್ಲಿ ಎಕರೆ, ಗುಂಟೆ, ಆಣೆ. ಅದರಲ್ಲಿ ಹೆದ್ದಾರಿಗೆ ಹೋದ ಗುಂಟೆ ಕಳೆದಿದೆಯೋ ಇಲ್ಲವೋ ನೋಡಿದವರಿಲ್ಲ. ಮನೆಗೆ ಎಷ್ಟೇ ಸಿಂಗಾರ ಮಾಡಿದರೂ ಈ ಒಂದು ಹಾಳೆ ಬ್ಯಾಂಕಿನ ವಕೀಲರ ಮೇಜಿನ ಮೇಲೆ ಹೋದ ದಿನ ಸಾಲ ನಿಲ್ಲುತ್ತದೆ, ಪಾರ್ಟಿ ಅಡ್ವಾನ್ಸ್ ವಾಪಸ್ ಕೇಳುತ್ತದೆ.

ಹೆಣ್ಣುಮಕ್ಕಳ ಹಕ್ಕು ಇಲ್ಲಿ ತಾಂತ್ರಿಕ ತೊಡಕು ಮಾತ್ರವಲ್ಲ, ನ್ಯಾಯದ ಪ್ರಶ್ನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಕರ್ನಾಟಕ 1994ರಲ್ಲೇ ಕಾನೂನು ತಂದಿತು, 2005ರಲ್ಲಿ ದೇಶಕ್ಕೆಲ್ಲ ಬಂತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಮುಸ್ಲಿಂ ಕುಟುಂಬಗಳಲ್ಲಿ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಗೊತ್ತುಪಡಿಸಿದ ಪಾಲಿದೆ. ಅಣ್ಣನೊಬ್ಬ ದಮ್ಮಾಮಿನಲ್ಲಿ, ತಂಗಿ ಶಾರ್ಜಾದಲ್ಲಿ, ತಾಯಿ ಭಟ್ಕಳದಲ್ಲಿ ಇದ್ದರೆ ಎಲ್ಲರ ಒಪ್ಪಿಗೆ ಒಂದೆಡೆ ಸೇರಬೇಕು. ಹೊರದೇಶದಲ್ಲಿ ಮಾಡಿದ ಮುಖ್ತಿಯಾರನಾಮೆಯನ್ನು ಭಾರತದ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ, ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಆ ಮುಖ್ತಿಯಾರನಾಮೆಯನ್ನೇ ಮಾರಾಟ ಪತ್ರವೆಂದು ತಿಳಿದು ದುಡ್ಡು ಕೊಟ್ಟವರು ಮಾಲೀಕರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ತಂಗಿಯ ಸಹಿ ಇಲ್ಲದ ಮನೆಗೆ ಬಣ್ಣ ಹೊಡೆಸುವುದು ವ್ಯರ್ಥ ಮಾತ್ರವಲ್ಲ, ಅನ್ಯಾಯ.

ತೆರಿಗೆ, ಶುಲ್ಕಗಳೂ ಮೊದಲೇ ಗೊತ್ತಿರಬೇಕಾದ ವಿಷಯ. ಪಟ್ಟಣದ ಆಸ್ತಿಗೆ 2024ರ ಅಕ್ಟೋಬರಿನಿಂದ ಇ-ಖಾತಾ ಇಲ್ಲದೆ ನೋಂದಣಿಯಿಲ್ಲ. ಪಂಚಾಯತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತು ಬೇಕು. ಕೊಳ್ಳುವವರು ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಕಟ್ಟಬೇಕು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. 2024ರ ಜುಲೈ 23ರಿಂದ ಈಚಿನ ಮಾರಾಟಕ್ಕೆ ದೀರ್ಘಾವಧಿ ಲಾಭದ ತೆರಿಗೆ ಶೇ. 12.5. ಅದಕ್ಕೂ ಮೊದಲು ಕೊಂಡ ಮನೆಯಾದರೆ ಇಲ್ಲೇ ವಾಸವಿರುವವರು ಬೆಲೆಯೇರಿಕೆಯನ್ನು ಲೆಕ್ಕ ಹಿಡಿದು ಶೇ. 20ರ ಹಳೆಯ ದಾರಿಯನ್ನು ಆರಿಸಿಕೊಳ್ಳಬಹುದು, ಅನಿವಾಸಿಗಳಿಗೆ ಆ ಆಯ್ಕೆಯಿಲ್ಲ. ಮಾರುವವರು ಅನಿವಾಸಿಯಾದರೆ ಕೊಳ್ಳುವವರೇ ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಕಡಿಮೆ ಮುರಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಲು ದಾರಿಯಿದೆ, ಆದರೆ ಅರ್ಜಿ ಹಾಕಬೇಕಾದದ್ದು ಮಾರಾಟಕ್ಕೆ ಮೊದಲು. ಇದನ್ನೆಲ್ಲ ರಿಜಿಸ್ಟ್ರಿಯ ದಿನ ತಿಳಿದುಕೊಂಡ ಕುಟುಂಬಗಳಲ್ಲಿ ಅಣ್ಣತಮ್ಮಂದಿರ ನಡುವೆಯೇ ಮನಸ್ತಾಪ ಹುಟ್ಟಿದೆ.

ಇಷ್ಟು ಕೆಲಸವನ್ನು ದುಬೈಯಲ್ಲೋ ಬೆಂಗಳೂರಿನಲ್ಲೋ ಕೂತು ಮಾಡಲಾಗದು. ಈ ಕಸುಬು ಅನ್ನ ಕೊಟ್ಟೀತೋ ಎಂಬ ಎರಡನೆಯ ಪ್ರಶ್ನೆಗೆ ಪರವಾದ ಉತ್ತರ ಇಲ್ಲಿಯೇ ಇದೆ. ಊರಲ್ಲಿದ್ದು, ನಂಬಿಕೆಗೆ ಅರ್ಹರಾಗಿ, ಮನೆ ಬಾಗಿಲು ತೆರೆದು ಗಾಳಿಯಾಡಿಸುವ, ಋಣಭಾರ ಪತ್ರ ತೆಗೆಸುವ, ಸರ್ವೆಯವರು ಬಂದಾಗ ಗಡಿಕಲ್ಲು ತೋರಿಸುವ ಒಬ್ಬರು ಬೇಕು. ಬಂಡವಾಳ ದೊಡ್ಡದು ಬೇಡ. ಬೈಕು, ಫೋನು, ತಾಳ್ಮೆ ಇದ್ದರೆ ಆರಂಭಿಸಬಹುದು. ಕನ್ನಡ, ಕೊಂಕಣಿ, ನವಾಯತಿ, ಉರ್ದುಗಳಲ್ಲಿ ಎರಡು ಮೂರಾದರೂ ಬರುವ ಹುಡುಗ ಹುಡುಗಿಯರು ಇಲ್ಲಿ ಮನೆಮನೆಯಲ್ಲಿದ್ದಾರೆ. ಹೊರಗಿನ ಕಂಪನಿಗಳಿಗೆ ಈ ಭಾಷಾಬಲ ದುಡ್ಡು ಕೊಟ್ಟರೂ ಸಿಗದು. ಭಟ್ಕಳದಿಂದ ದಕ್ಷಿಣಕ್ಕೆ ಗಡಿ ದಾಟಿದರೆ ಗುಂಟೆಯ ಲೆಕ್ಕ ಹೋಗಿ ಸೆಂಟ್ಸ್ ಬರುತ್ತದೆ. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್, 1,089 ಚದರಡಿ ಎಂದು ಬಾಯಲ್ಲೇ ಹೇಳಬಲ್ಲವರು ಎರಡೂ ಜಿಲ್ಲೆಯ ಗಿರಾಕಿಗೆ ಬೇಕಾದವರು. ಹೆಂಗಸರಿಗೂ ಇಲ್ಲಿ ಜಾಗವಿದೆ. ಅಡುಗೆಮನೆ, ಬಚ್ಚಲು, ಬಾವಿಯ ವಿಷಯದಲ್ಲಿ ಮನೆಯೊಡತಿ ಕೇಳುವ ಪ್ರಶ್ನೆಗಳಿಗೆ ಅವರಷ್ಟು ಚೆನ್ನಾಗಿ ಉತ್ತರಿಸುವವರು ಯಾರು?

ಕಾನೂನೂ ಈ ಕಸುಬಿಗೆ ಒಂದು ಸ್ಥಾನ ಕೊಟ್ಟಿದೆ. ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆಯಂತೆ ನೋಂದಾಯಿತ ಯೋಜನೆಗಳ ನಿವೇಶನ, ಫ್ಲ್ಯಾಟ್ ಮಾರಿಸುವ ಏಜೆಂಟರು ನೋಂದಣಿ ಮಾಡಿಸಲೇಬೇಕು. ಕರ್ನಾಟಕದಲ್ಲಿ 2017ರ ನಿಯಮದಂತೆ ವ್ಯಕ್ತಿಗೆ ಶುಲ್ಕ 25,000 ರೂಪಾಯಿ, ಅವಧಿ 5 ವರ್ಷ. ಲೇಔಟುಗಳು ಹೆಚ್ಚುತ್ತಿರುವ ಕುಮಟಾ, ಹೊನ್ನಾವರಗಳಲ್ಲಿ ಈ ನೋಂದಣಿ ಸಂಖ್ಯೆ ಪಡೆದವರಿಗೆ ಮರ್ಯಾದೆಯಿದೆ.

ಈಗ ವಿರೋಧದ ಬದಿ. ಕಮಿಷನ್ ಎಂದರೆ ರೂಢಿಯಲ್ಲಿ ಶೇ. 1 ಅಥವಾ 2. ಒಂದು ಮನೆ 50 ಲಕ್ಷಕ್ಕೆ ಹೋಯಿತೆನ್ನಿ; ಶೇ. 2ರಂತೆ 1 ಲಕ್ಷ. ಗಿರಾಕಿಯನ್ನು ತಂದವರೊಬ್ಬರು, ಮನೆ ಗೊತ್ತಿದ್ದವರೊಬ್ಬರು, ಮಾತು ಕುದುರಿಸಿದವರೊಬ್ಬರು ಸೇರಿದರೆ ತಲಾ 33 ಸಾವಿರ. ಅಂಥದೊಂದು ವ್ಯವಹಾರ ಮುಗಿಯಲು ತಿಂಗಳುಗಳು ಬೇಕು, ಭಟ್ಕಳ ಬಿಟ್ಟರೆ ಮಳೆಗಾಲದಲ್ಲಿ ಅದೂ ಇಲ್ಲ. ಚಹಾ ಅಂಗಡಿಯವರಿಂದ ಕಂಟ್ರಾಕ್ಟರ್‌ವರೆಗೆ ಎಲ್ಲರೂ ಅರೆಕಾಲಿಕ ಬ್ರೋಕರುಗಳಾಗಿರುವ ಊರಲ್ಲಿ ಇದೊಂದನ್ನೇ ನಂಬಿ ಸಂಸಾರ ನಡೆಸುವುದು ಸುಲಭವಲ್ಲ. ರೇರಾ ನೋಂದಣಿ ಹೊಸ ಯೋಜನೆಗಳಿಗೆ. ಹಳೆಯ ಮನೆಯ ಮರುಮಾರಾಟಕ್ಕೆ ಅದು ಬರುವುದಿಲ್ಲ. ಹಾಗಾಗಿ ಅಲ್ಲಿ ಮಾತೇ ಒಪ್ಪಂದ. ರಿಜಿಸ್ಟ್ರಿ ಮುಗಿದ ಸಂಜೆ ಕಮಿಷನ್ ಅರ್ಧಕ್ಕಿಳಿದರೆ ಕೇಳುವವರಿಲ್ಲ.

ಆದಾಯ ಇಷ್ಟು ತೆಳುವಾಗಿರುವುದರಿಂದಲೇ ಆಮಿಷ ಬಲವಾಗುತ್ತದೆ. ಮಾಲೀಕರಿಗೆ ಒಂದು ದರ, ಗಿರಾಕಿಗೆ ಇನ್ನೊಂದು ದರ ಹೇಳಿ ನಡುವಿನದ್ದನ್ನು ಜೇಬಿಗಿಳಿಸುವ 'ಮಾರ್ಜಿನ್' ವ್ಯವಹಾರ ಶುರುವಾಗುವುದೇ ಹೀಗೆ. 1872ರ ಕರಾರು ಕಾಯ್ದೆಯ ಪ್ರಕಾರ, ಮಾಲೀಕರಿಗೆ ತಿಳಿಸದೆ ಏಜೆಂಟ್ ತನಗಾಗಿ ವ್ಯವಹಾರ ಮಾಡಿ ಗಳಿಸಿದ ಲಾಭವನ್ನು ಮಾಲೀಕರು ಕೇಳಿ ಪಡೆಯಬಹುದು. ಇದಕ್ಕಿಂತ ಕೆಟ್ಟದ್ದು ಅರಣ್ಯ ಅತಿಕ್ರಮಣದ ಜಾಗಗಳ ಮಾರಾಟ. ಕಾಡೇ ಬಹುಪಾಲಿರುವ ಈ ಜಿಲ್ಲೆಯಲ್ಲಿ ಸಾವಿರಾರು ಬಡ ಕುಟುಂಬಗಳು ಮಾಲ್ಕಿಯಲ್ಲದ ನೆಲದಲ್ಲಿ ಮನೆ ಕಟ್ಟಿಕೊಂಡಿವೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕರೂ ಅದು ಮಕ್ಕಳಿಗೆ ಹೋಗುತ್ತದೆಯೇ ಹೊರತು ಮಾರಲು ಬರುವುದಿಲ್ಲ. ಅಂಥ ಜಾಗವನ್ನು ಛಾಪಾ ಕಾಗದದ ಮೇಲೆ ಬರೆಸಿ ಕೊಡಿಸಿದವರು ಇಬ್ಬರು ಬಡವರನ್ನು ಒಟ್ಟಿಗೇ ಬೀದಿಗೆ ತಂದಂತೆ.

ದೊಡ್ಡ ಆಕ್ಷೇಪವೊಂದಿದೆ. ಗೇಣಿದಾರರ ಹೋರಾಟ ಗಟ್ಟಿಯಾಗಿ ನಡೆದ ಜಿಲ್ಲೆಯಿದು. ದಿನಕರ ದೇಸಾಯಿಯವರು ರೈತರನ್ನು ಸಂಘಟಿಸಿದ ನೆಲ. 1974ರ ಭೂಸುಧಾರಣೆಯಲ್ಲಿ ಉಳುವವರ ಕೈಗೆ ಗದ್ದೆ ಬಂತು. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಹೊರದೇಶದಲ್ಲಿ ದುಡಿಯುವ ಭಟ್ಕಳದ ಅನಿವಾಸಿಗೆ ವಿದೇಶಿ ವಿನಿಮಯ ಕಾನೂನಿನಂತೆ ತನ್ನ ಊರಿನ ಗದ್ದೆ ಕೊಳ್ಳಲು ಬರುವುದಿಲ್ಲ, ಬೆಂಗಳೂರಿನ ಅಪರಿಚಿತರಿಗೆ ಬರುತ್ತದೆ. ಬ್ರೋಕರಿಕೆ ಬೆಳೆದಷ್ಟೂ ಗದ್ದೆ ಲೇಔಟಾಗುತ್ತದೆ, ಊರಿನ ಶಿಕ್ಷಕರಿಗೂ ಮೀನುಗಾರರಿಗೂ 5 ಗುಂಟೆ ಕೈಗೆಟುಕದಾಗುತ್ತದೆ ಎಂಬ ಆತಂಕ ಸುಳ್ಳಲ್ಲ. ಅಜ್ಜ ಹೋರಾಡಿ ಪಡೆದ ಗದ್ದೆಯನ್ನು ಮಗಳ ಓದಿಗೋ ಆಸ್ಪತ್ರೆ ಖರ್ಚಿಗೋ ಮಾರುವ ಹಕ್ಕು ಮೊಮ್ಮಗನಿಗಿದೆ, ಅವನಿಗೆ ನ್ಯಾಯವಾದ ದರ ಸಿಗಬೇಕೆಂಬುದೂ ಅಷ್ಟೇ ನಿಜ. ಒಳ್ಳೆಯ ಬ್ರೋಕರ್ ಇಲ್ಲದಿದ್ದರೆ ಗದ್ದೆ ಉಳಿಯುವುದಿಲ್ಲ. ಅಗ್ಗದ ದರಕ್ಕೆ ಹೋಗುತ್ತದೆ, ಅಷ್ಟೇ.

ಇಷ್ಟನ್ನು ತೂಗಿದ ಮೇಲೆ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಮಾರುವವರು ಮೊದಲ ದುಡ್ಡನ್ನು ಕಾಗದಕ್ಕೆ ಹಾಕಲಿ: ವಾರಸಾ ಬದಲಾವಣೆ, ಬೋಜಾ ಇಳಿಸುವುದು, ಇ-ಖಾತಾ, ಅಕ್ಕತಂಗಿಯರ ಒಪ್ಪಿಗೆ. ಎರಡನೆಯದನ್ನು ನೀರು ತಡೆಯಲು ಹಾಕಲಿ: ಮಾಡು, ದೋಣಿ ಕೊಳವೆ, ಹಿತ್ತಿಲ ಚರಂಡಿ. ಮೂರನೆಯದಾಗಿ ಕಸ ಹೊಡೆದು, ಕಿಟಕಿ ತೆರೆದು, ಗೋಡೆಗೆ ಸುಣ್ಣ ಬಳಿದರೆ ಸಾಕು. ಇರುವುದನ್ನು ಉಳಿಸುವ ಖರ್ಚು ಸರಿ, ಇರುವುದನ್ನು ಮುಚ್ಚುವ ಖರ್ಚು ಬೇಡ. ಬಾವಿ ಬೇಸಿಗೆಯಲ್ಲಿ ಉಪ್ಪಾಗುವುದಾದರೆ ಅದನ್ನು ಬಾಯಿಬಿಟ್ಟು ಹೇಳಿ ದರದಲ್ಲಿ ಕಳೆಯಿರಿ. ಕಡಲಬದಿಯಲ್ಲಿ ಮನೆಯನ್ನು ಉಳಿಸಿ, ಪೇಟೆಯ ನಡುವೆ ಜಾಗವನ್ನು ಮಾರಿ.

ಈ ಕಸುಬಿಗೆ ಬರುವವರಿಗೂ ಇದೇ ಮಾತು. ಮೊದಲ ಎರಡು ಮೂರು ವರ್ಷ ಕೈಯಲ್ಲಿರುವ ಕೆಲಸ ಬಿಡಬೇಡಿ. ಗಿರಾಕಿ ಹುಡುಕುವುದಕ್ಕಿಂತ ಮೊದಲು ಪಹಣಿ ಓದಲು, ನಕ್ಷೆ ಹಿಡಿದು ಗಡಿ ಗುರುತಿಸಲು ಕಲಿಯಿರಿ. ಕಮಿಷನ್ ಎಷ್ಟು, ಯಾರು ಕೊಡುವುದು ಎಂದು ಮೊದಲ ದಿನವೇ ಬರೆದು ಎರಡೂ ಕಡೆಯವರ ಸಹಿ ತೆಗೆದುಕೊಳ್ಳಿ. ಅಡ್ವಾನ್ಸ್ ಬ್ಯಾಂಕಿನ ಮೂಲಕವೇ ಹೋಗಲಿ. 20,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಕಾನೂನು 2015ರಿಂದಲೇ ನಿಷೇಧಿಸಿದೆ. ಕಾಗದ ಸರಿಯಿಲ್ಲದ ಜಾಗವನ್ನು ಎಷ್ಟು ಕಮಿಷನ್ ಕೊಟ್ಟರೂ ಮುಟ್ಟಬೇಡಿ. ಊರು ಬಿಡದೆ ದುಡಿಯುವ ದಾರಿ ನಮ್ಮ ಮಕ್ಕಳಿಗೆ ಸಿಗಬೇಕೆಂದು ಮನಸಾರೆ ಬಯಸುವವನು ನಾನು. ಆ ದಾರಿ ಬ್ರೋಕರಿಕೆಯಲ್ಲೂ ಇದೆ ಎಂದೇ ನಂಬಿದ್ದೇನೆ. ಇದು ಸಣ್ಣ ಊರು. ಇಲ್ಲಿ ಒಬ್ಬರಿಗೆ ಮಾರಿಸಿಕೊಟ್ಟ ಮನೆಯ ಸುದ್ದಿ ಮುಂದಿನ ಹತ್ತು ಮನೆಗೆ ಮೊದಲೇ ತಲುಪಿರುತ್ತದೆ. ಸತ್ಯ ಹೇಳಿದವರಿಗೆ ಆ ಹತ್ತು ಮನೆಯವರು ತಾವಾಗಿಯೇ ಕೀಲಿಕೈ ಕೊಡುತ್ತಾರೆ, ಬೇರೆ ಜಾಹೀರಾತು ಬೇಕಾಗುವುದಿಲ್ಲ.